ಎರಡು ನೆಗೆತದ ಕಿಟಕಿ

ನಮ್ಮ ಅಡುಗೆಮನೆಯ ಕಿಟಕಿಯ ದಂಡೆ ನೆಲದಿಂದ 3 ಅಡಿ 4 ಅಂಗುಲ ಎತ್ತರದಲ್ಲಿದೆ. ಅಜ್ಜ ಕಟ್ಟಿಸಿದ ಈ ಹೆಂಚಿನ ಮನೆಯಲ್ಲಿಯೇ ಹುಟ್ಟಿ ಬೆಳೆದ ನನಗೆ ಆ ಅಳತೆ 52 ವರ್ಷಗಳ ಕಾಲ ಬೇಕಾಗಿರಲಿಲ್ಲ. ಹೋದ ಜನವರಿಯಲ್ಲಿ, ರೋಬಸ್ಟಾ ಕೊಯ್ಲು ಅರ್ಧಕ್ಕೆ ಬಂದಿದ್ದ ಒಂದು ಬೆಳಿಗ್ಗೆ, ನಮ್ಮ ಬೆಕ್ಕು ಗೌರಿ ಆ ದಂಡೆಯನ್ನು ಎರಡು ನೆಗೆತಗಳಲ್ಲಿ ಹತ್ತಿದ್ದನ್ನು ಕಂಡ ಮೇಲೆ ಟೇಪು ಹಿಡಿದು ಅಳೆದೆ. ಮೊದಲು ಅಕ್ಕಿ ಡಬ್ಬದ ಮೇಲೆ, ಅಲ್ಲಿ ನಿಂತು ಸ್ವಲ್ಪ ಯೋಚಿಸಿ, ಆಮೇಲೆ ದಂಡೆಗೆ. ಅಲ್ಲಿಯವರೆಗೆ ಅವಳು ನೆಲದಿಂದ ನೇರವಾಗಿ, ನೀರು ಮೇಲಕ್ಕೆ ಸುರಿದಂತೆ, ಒಂದೇ ನೆಗೆತಕ್ಕೆ ಹತ್ತುತ್ತಿದ್ದಳು. ಆ ಡಬ್ಬ ಅಲ್ಲಿ ಯಾವತ್ತಿನಿಂದಲೂ ಇತ್ತು. ಅವಳಿಗೆ ಅದು ಯಾವಾಗಿನಿಂದ ಮೆಟ್ಟಿಲಾಯಿತು ಎಂದು ಅಮ್ಮನನ್ನು ಕೇಳಿದರೆ, "ದೀಪಾವಳಿಗೆ ಮುಂಚೆನೂ ಹಂಗೇ ಹತ್ತುತ್ತಿತ್ತಲ್ಲೇ, ನೀನು ನೋಡಿಲ್ವಾ?" ಎಂದರು.

ನಾನು ನೋಡಿರಲಿಲ್ಲ. ಸಕಲೇಶಪುರದ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ, ಗಮನಿಸುವುದೇ ವಿಜ್ಞಾನದ ಮೊದಲ ಪಾಠವೆಂದು ಪ್ರತಿ ಜೂನ್‌ನಲ್ಲಿ ಭಾಷಣ ಮಾಡುವ ನನಗೆ, ಮನೆಯೊಳಗೆ 13 ವರ್ಷ ಬಾಳಿದ ಒಂದು ಜೀವದ ನಡಿಗೆ ಬದಲಾದದ್ದು ಮೂರು ತಿಂಗಳು ಗೊತ್ತಾಗಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಕಾಫಿ ಕಣದ ಗೋಣಿಚೀಲಗಳ ನಡುವೆ ಸಿಕ್ಕ ಮರಿ ಅದು. ಅದಕ್ಕೇ ಆ ಹೆಸರು. ನಮ್ಮ ಕಡೆಯ ಸಾಮಾನ್ಯ ಕೊತ್ತಿ, ಬೂದು ಬಣ್ಣದ ಮೇಲೆ ಕಪ್ಪು ಪಟ್ಟೆ, ಜಾತಿ ಗೀತಿ ಏನೂ ಇಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಮಡಿಸಿದ ಕಿವಿಯ ಸ್ಕಾಟಿಷ್ ಫೋಲ್ಡ್ ಬೆಕ್ಕುಗಳಿಗೆ ಹುಟ್ಟಿನಿಂದಲೇ ಮೂಳೆ-ಕೀಲುಗಳ ರೋಗ ಅಂಟಿಕೊಂಡಿರುತ್ತದೆ ಎಂದು ಓದಿದ್ದೆ. ಕಿವಿಯನ್ನು ಮಡಿಸುವ ಅದೇ ಮೃದ್ವಸ್ಥಿಯ, ಅಂದರೆ ಮೆದುಮೂಳೆಯ, ದೋಷ ಕಾಲಿನ ಕೀಲುಗಳನ್ನೂ ಬಿಡುವುದಿಲ್ಲ. ಊರ ಬೆಕ್ಕಿಗೆ ಅಂಥ ತೊಂದರೆ ಬರುವುದಿಲ್ಲವೆಂಬ ಒಂದು ಉಡಾಫೆ ನನ್ನಲ್ಲಿತ್ತು.

ಆ ಬೆಳಿಗ್ಗೆಯ ನಂತರ ಹಿಂದಿನದೆಲ್ಲ ಒಂದೊಂದಾಗಿ ನೆನಪಿಗೆ ಬರತೊಡಗಿತು. ಬೆನ್ನಿನ ಕೆಳಭಾಗದ ಕೂದಲು ಗಂಟುಗಟ್ಟಿ, ಅದರಡಿಯಲ್ಲಿ ಹೊಟ್ಟು ಕಾಣುತ್ತಿತ್ತು. ತಿರುಗಿ ನೆಕ್ಕಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ, ಆದರೆ ನಾನು ಅದನ್ನು ಮುದಿತನದ ಸೋಮಾರಿತನವೆಂದುಕೊಂಡಿದ್ದೆ. ಉಗುರುಗಳು ಕಂಬಳಿಗೆ ಸಿಕ್ಕಿಕೊಳ್ಳುತ್ತಿದ್ದವು, ಏಕೆಂದರೆ ಹಲಸಿನ ಮರಕ್ಕೆ ಪರಚಿ ಅವುಗಳನ್ನು ಸವೆಸುವುದನ್ನು ಅವಳು ಬಿಟ್ಟಿದ್ದಳು. ಮಳೆಗಾಲಕ್ಕೆಂದು ಹಿತ್ತಿಲ ಬಾಗಿಲಲ್ಲಿಟ್ಟಿದ್ದ ಮರಳಿನ ಪೆಟ್ಟಿಗೆಯ ಹೊರಗೆ ಎರಡು ಸಲ ಗಲೀಜು ಮಾಡಿದಾಗ ನಾನು ಗದರಿದ್ದೆ. ಆ ಪೆಟ್ಟಿಗೆಯ ಅಂಚು ಒಂದು ಗೇಣಿಗಿಂತ ಎತ್ತರವಿತ್ತು. ಈ ಗದರಿಕೆಯ ನೆನಪು ಈಗಲೂ ಚುಚ್ಚುತ್ತದೆ. ಆದರೆ ಒಂದು ದಿನವೂ ಅವಳು ಕುಂಟಿರಲಿಲ್ಲ. ನಾಯಿಗೆ ಕಾಲು ನೋವಾದರೆ ಒಂದು ಕಾಲೆತ್ತಿ ನಡೆಯುತ್ತದೆ, ದನವಾದರೆ ಮೇವು ಬಿಟ್ಟು ನಿಲ್ಲುತ್ತದೆ. ಬೆಕ್ಕಿನ ಸಂಧಿವಾತ, ಅಂದರೆ ಕೀಲು ಸವೆದು ಬರುವ ನೋವು, ಹೆಚ್ಚಾಗಿ ಎಡಬಲ ಎರಡೂ ಕಡೆಯ ಕೀಲುಗಳಿಗೆ ಒಟ್ಟಿಗೇ ಬರುವುದರಿಂದ ಕುಂಟಲು ಒಳ್ಳೆಯ ಕಾಲೆಂಬುದೇ ಉಳಿದಿರುವುದಿಲ್ಲ. ಅದು ನೋವಾಗುವ ಕೆಲಸವನ್ನೇ ಸದ್ದಿಲ್ಲದೆ ಕೈಬಿಡುತ್ತದೆ, ನಾವು ಅದಕ್ಕೆ ವಯಸ್ಸೆಂದು ಹೆಸರಿಡುತ್ತೇವೆ.

ಎಷ್ಟು ಬೆಕ್ಕುಗಳಿಗೆ ಹೀಗಾಗುತ್ತದೆ ಎಂದು ಹುಡುಕಿದಾಗ ಸಿಕ್ಕ ಅಂಕಿಗಳು ನನ್ನನ್ನು ಬೆಚ್ಚಿಬೀಳಿಸಿದವು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದಾಗ ನೂರಕ್ಕೆ 90ರಲ್ಲಿ ಕೀಲು ಸವೆದ ಗುರುತುಗಳಿದ್ದವು. 2010ರ ಇನ್ನೊಂದು ಅಧ್ಯಯನ ಎಳೆಯ ಬೆಕ್ಕುಗಳನ್ನೂ ಸೇರಿಸಿ 100 ಬೆಕ್ಕುಗಳನ್ನು ಆರಿಸಿಕೊಂಡಾಗಲೂ 92ರಲ್ಲಿ ಯಾವುದಾದರೊಂದು ಕೀಲಿನಲ್ಲಿ ಬದಲಾವಣೆ ಕಂಡಿತ್ತು. ಇಷ್ಟು ಸಾಮಾನ್ಯವಾದ ರೋಗವೆಂದರೆ ಒಂದು ಅರ್ಥದಲ್ಲಿ ಧೈರ್ಯ, ಇನ್ನೊಂದು ಅರ್ಥದಲ್ಲಿ ಗೊಂದಲ. ಏಕೆಂದರೆ ಎಕ್ಸ್‌ರೇಯಲ್ಲಿ ಕಾಣುವುದಕ್ಕೂ ಬೆಕ್ಕಿಗೆ ಆಗುವ ನೋವಿಗೂ ತಾಳೆ ಬೀಳುವುದಿಲ್ಲ. ಮೂಳೆಯ ಮೇಲೆ ಮುಳ್ಳು ಬೆಳೆದ ಕೀಲು ನೋಯದೆ ಇರಬಹುದು, ಚೊಕ್ಕಟವಾಗಿ ಕಾಣುವ ಕೀಲು ನೋಯಬಹುದು.

ಫೆಬ್ರುವರಿಯ ಒಂದು ಭಾನುವಾರ ಅವಳನ್ನು ಮುಚ್ಚಳದ ಬುಟ್ಟಿಯಲ್ಲಿ ಹಾಕಿಕೊಂಡು ಹಾಸನಕ್ಕೆ ಹೋದೆ. ದಾರಿಯುದ್ದಕ್ಕೂ ಬಾಳುಪೇಟೆ, ಆಲೂರು ಎಂದು ಊರು ಬಂದಾಗಲೆಲ್ಲ ಒಂದೊಂದು ಸಲ ಕೂಗುತ್ತ ಬಂದಳು. ಅಲ್ಲಿಯ ಪಶುವೈದ್ಯೆ ನನ್ನ ಮಗಳ ವಯಸ್ಸಿನವರು. ಅವರು ಮೊದಲು ಬೆಕ್ಕನ್ನು ಮುಟ್ಟಲಿಲ್ಲ. ಬುಟ್ಟಿಯ ಮುಚ್ಚಳ ತೆಗೆದಿಟ್ಟು, ಅದಾಗಿಯೇ ಹೊರಬಂದು ಕೋಣೆಯಲ್ಲಿ ಓಡಾಡುವವರೆಗೆ ಕಾಲು ಗಂಟೆ ನನ್ನೊಡನೆ ಮಾತನಾಡಿದರು. ಆಗ ಅವರು ಕೇಳಿದ್ದು ಆರು ಪ್ರಶ್ನೆಗಳು: ಮೇಲಕ್ಕೆ ನೆಗೆಯುತ್ತಾಳೆಯೇ, ಕೆಳಕ್ಕೆ ನೆಗೆಯುತ್ತಾಳೆಯೇ, ಮೆಟ್ಟಿಲು ಹತ್ತುತ್ತಾಳೆಯೇ, ಇಳಿಯುತ್ತಾಳೆಯೇ, ಓಡುತ್ತಾಳೆಯೇ, ಅಲುಗಾಡುವುದನ್ನು ಅಟ್ಟಿಸಿಕೊಂಡು ಹೋಗುತ್ತಾಳೆಯೇ. ಬೆಕ್ಕಿನ ಕೀಲುನೋವನ್ನು ಅಂದಾಜು ಮಾಡಲು ಪಶುವೈದ್ಯರು ಬಳಸುವ ಪಟ್ಟಿಯೇ ಅದಂತೆ. ಆಮೇಲೆ ಮಂಪರು ಬರಿಸಿ ಎಕ್ಸ್‌ರೇ ತೆಗೆದರು, ರಕ್ತ ಪರೀಕ್ಷೆಗೆ ಕಳಿಸಿದರು. ಎರಡೂ ಮೊಣಕೈಗಳಲ್ಲಿ ಮತ್ತು ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಬದಲಾವಣೆ ಕಾಣುತ್ತದೆ, ಮೂತ್ರಪಿಂಡ ಸದ್ಯಕ್ಕೆ ಪರವಾಗಿಲ್ಲ, ತೂಕ 5.6 ಕಿಲೋ ಅಂದರೆ ಅವಳ ಮೈಕಟ್ಟಿಗೆ ಜಾಸ್ತಿ ಎಂದರು.

"ಹಾಗಾದರೆ ಸಂಧಿವಾತವೇ?" ಎಂದೆ.

"ಇರಬಹುದು ಮೇಡಂ. ಈ ಕೀಲುಗಳೇ ನೋಯ್ತಿವೆ ಅಂತ ಫೋಟೋ ಹೇಳಲ್ಲ. ಅದನ್ನ ನೀವು ಮನೇಲಿ ನೋಡಿ ನನಗೆ ಹೇಳ್ಬೇಕು."

ಈ 'ಇರಬಹುದು' ಎಂಬ ಮಾತನ್ನು ಹೊತ್ತುಕೊಂಡು ಮನೆಗೆ ಬಂದವರಿಗೆ ಏನಾದರೂ ಮಾಡಬೇಕೆನ್ನಿಸುತ್ತದೆ, ಆದರೆ ದೊಡ್ಡದೇನನ್ನೂ ಮಾಡಲು ಧೈರ್ಯ ಬರುವುದಿಲ್ಲ. ಕೀಲುಗಳಿಗೆಂದು ಮಾರುವ ಪೂರಕ ಆಹಾರದ ಡಬ್ಬಗಳು ನಿಂತಿರುವುದು ಸರಿಯಾಗಿ ಈ ಜಾಗದಲ್ಲಿಯೇ. ಔಷಧವೆಂದರೆ ಅಡ್ಡ ಪರಿಣಾಮದ ಭಯ. ಪೂರಕವೆಂದರೆ ಹಾಲಿಗೆ ಹಾರ್ಲಿಕ್ಸ್ ಬೆರೆಸಿದಷ್ಟೇ ನಿರಪಾಯವೆಂಬ ಭಾವನೆ.

ಅಂಥ ಡಬ್ಬ ನಮ್ಮ ಮನೆಗೆ ಹೊಸದೂ ಅಲ್ಲ. ಅಮ್ಮನ ಮಂಡಿನೋವಿಗೆ ಐದಾರು ವರ್ಷಗಳಿಂದ ಗ್ಲೂಕೋಸಮೈನ್ ಮಾತ್ರೆ ಬರುತ್ತಿದೆ. ಗ್ಲೂಕೋಸಮೈನ್ ಅನ್ನು ಬಹುಪಾಲು ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಅದರ ಜೊತೆಗಾರ ಕಾಂಡ್ರಾಯ್ಟಿನ್ ಬರುವುದು ದನದ ಶ್ವಾಸನಾಳದಂಥ ಪ್ರಾಣಿಗಳ ಮೃದ್ವಸ್ಥಿಯಿಂದ. (ಏಕಾದಶಿ ತಪ್ಪದ ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.) ಎರಡೂ ಕೀಲಿನ ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ವಸ್ತುಗಳು, ಆದ್ದರಿಂದ ತಿಂದರೆ ಅಲ್ಲಿಗೇ ಹೋಗಿ ಸೇರುತ್ತವೆ ಎಂಬುದು ಕೇಳಲು ಸೊಗಸಾದ ತರ್ಕ. ಕೂದಲು ತಿಂದರೆ ಕೂದಲು ಬೆಳೆಯುವುದಿಲ್ಲ ಎಂದು ಏಳನೇ ತರಗತಿಯ ಮಕ್ಕಳಿಗೆ ಜೀರ್ಣಕ್ರಿಯೆ ಹೇಳಿಕೊಡುವ ನಾನು ಈ ತರ್ಕವನ್ನು ತಡೆದು ಪ್ರಶ್ನಿಸಬೇಕಿತ್ತು. ಮನುಷ್ಯರ ಮೇಲೆ ಇದನ್ನು ಪ್ರಶ್ನಿಸಿದವರೂ ಇದ್ದಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಮಂಡಿನೋವಿನ 1,583 ಜನರಲ್ಲಿ ಕೆಲವರಿಗೆ 24 ವಾರ ಈ ಪದಾರ್ಥಗಳನ್ನು ಬೇರೆ ಬೇರೆಯಾಗಿಯೂ ಜೊತೆಯಾಗಿಯೂ ಕೊಟ್ಟು, ಇನ್ನು ಕೆಲವರಿಗೆ ಏನೂ ಇಲ್ಲದ ಹುಸಿಮಾತ್ರೆ ಕೊಟ್ಟು ನೋಡಿದ್ದರು. ಒಟ್ಟಾರೆಯಾಗಿ ವ್ಯತ್ಯಾಸ ಕಾಣಲಿಲ್ಲ. ನನಗೆ ಹೆಚ್ಚು ಕುತೂಹಲವೆನ್ನಿಸಿದ್ದು ಇನ್ನೊಂದು ಸಂಗತಿ: ಹುಸಿಮಾತ್ರೆ ನುಂಗಿದವರಲ್ಲಿಯೇ ನೂರಕ್ಕೆ 60 ಜನರ ನೋವು ಗಣನೀಯವಾಗಿ ಇಳಿದಿತ್ತು.

ಅಮ್ಮನ ಮಾತ್ರೆಯ ವಿಷಯ ಬಂದದ್ದರಿಂದ ಇಲ್ಲಿ ಒಂದು ಅಪಾಯವನ್ನು ಹೇಳಿಬಿಡಬೇಕು, ಏಕೆಂದರೆ ಅದು ನಮ್ಮ ಮನೆಯಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಗೌರಿ ಅಟ್ಟದ ಮೆಟ್ಟಿಲಲ್ಲಿ ಅರ್ಧಕ್ಕೆ ಕುಳಿತಿದ್ದ ಒಂದು ಸಂಜೆ, ಅಮ್ಮ ತಮ್ಮ ನೋವಿನ ಮಾತ್ರೆಯ ಕಾಲು ಚೂರನ್ನು ಬೆಣ್ಣೆಯಲ್ಲಿಟ್ಟು ಕೊಡಲು ಸಿದ್ಧರಾಗಿದ್ದರು. ಕರುಣೆಯಿಂದಲೇ. ಅದು ಅಸೆಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ, ನಮ್ಮ ಕಡೆ ಪ್ರತಿ ಮನೆಯ ಡಬ್ಬಿಯಲ್ಲೂ ಇರುವ ಮಾತ್ರೆ. ಪ್ಯಾರಸಿಟಮಾಲನ್ನು ಮನುಷ್ಯರ ಯಕೃತ್ತು ಕಟ್ಟಿ ಹೊರಹಾಕುವ ಮುಖ್ಯ ದಾರಿ ಬೆಕ್ಕಿನ ದೇಹದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ದುರ್ಬಲ. ಅದರಿಂದ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜಗಳು ಊದಿಕೊಳ್ಳುತ್ತವೆ, ಒಂದು ಮಾತ್ರೆ ಸಾವಿಗೆ ಸಾಕು. ಬೆಕ್ಕಿಗೆ ಪ್ಯಾರಸಿಟಮಾಲ್‌ನ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಸೊಂಟಕ್ಕೆ ಹಚ್ಚುವ ನೋವಿನ ಮುಲಾಮೂ ಅಷ್ಟೇ. ಬೆಕ್ಕು ನೆಕ್ಕಿಕೊಳ್ಳದೆ ಬಿಡುವುದಿಲ್ಲ, ಅದರಲ್ಲಿರುವ ಸ್ಯಾಲಿಸಿಲೇಟು, ಕರ್ಪೂರ, ನೀಲಗಿರಿ ಎಣ್ಣೆಗಳೆಲ್ಲ ಅದರ ಹೊಟ್ಟೆ ಸೇರುತ್ತವೆ. ಅಮ್ಮ ಆ ಬೆಣ್ಣೆಯನ್ನು ಒಲೆಗೆ ಹಾಕಿ, ಆಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹೀಗಾಗಿ ನಾನು ಬೆಕ್ಕಿಗೆಂದೇ ತಯಾರಿಸಿದ ಪುಡಿಯೊಂದನ್ನು ತರಿಸಿದೆ. ಬೆಲೆ 1,400 ರೂಪಾಯಿ, ಎರಡು ತಿಂಗಳಿಗೆ ಬರುವ ಡಬ್ಬ. ಗ್ಲೂಕೋಸಮೈನ್, ಕಾಂಡ್ರಾಯ್ಟಿನ್, ಸ್ವಲ್ಪ ಅರಿಶಿನದ ಸಾರ, ನ್ಯೂಜಿಲೆಂಡಿನ ಹಸಿರು ತುಟಿಯ ಚಿಪ್ಪುಮೀನಿನ ಪುಡಿ. ಮುಚ್ಚಳ ತೆಗೆದರೆ ಮಳೆಯಲ್ಲಿ ನೆನೆದ ಕೋಳಿಗೂಡಿನ ವಾಸನೆ. ವೈದ್ಯೆಗೆ ಫೋನು ಮಾಡಿ ಕೇಳಿದಾಗ, ಅದರಿಂದ ಕೆಡುಕಾಗುವುದು ಕಡಿಮೆ, ಒಳಿತಾಗುವುದೂ ಖಾತ್ರಿಯಿಲ್ಲ, ಕೊಡುವುದಾದರೆ ಎರಡು ತಿಂಗಳು ಕೊಟ್ಟು ನೋಡಿ ಎಂದರು. ನನಗೆ ಆ ಮಾತಿನಲ್ಲಿ 'ಕೊಟ್ಟು' ಎಂಬುದು ಮಾತ್ರ ಕೇಳಿಸಿತು.

ನಾನು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅಳತೆಯ ಚಮಚದಲ್ಲಿ ಪುಡಿಯನ್ನು ಒಂದು ಬಟ್ಟಲಿಗೆ ಹಾಕಿಡುವುದು, ಮಧ್ಯಾಹ್ನ ಅಮ್ಮ ಅದಕ್ಕೆ ಗೌರಿಯ ಊಟ ಬೆರೆಸಿ ಕೊಡುವುದು ಎಂದು ಏರ್ಪಾಡಾಯಿತು. ಎರಡನೇ ವಾರದಿಂದಲೇ ನನಗೆ ಗುಣ ಕಾಣತೊಡಗಿತು. ದಿನಚರಿಯಲ್ಲಿ ಬರೆದಿಟ್ಟದ್ದು ಈಗಲೂ ಇದೆ: "ಇಂದು ಬಾಲ ಎತ್ತಿ ನಡೆದಳು." "ಸಂಜೆ ಜಗಲಿಯಿಂದ ಇಳಿಯುವಾಗ ಹಗುರವಾಗಿದ್ದಳು." "ಕಣ್ಣಲ್ಲಿ ಕಳೆ ಬಂದಿದೆ." ಶಾಲೆಯ ಸಹೋದ್ಯೋಗಿಗಳಿಗೆ ಹೇಳಿದೆ, ಮೂಡಿಗೆರೆಯ ಚಿಕ್ಕಮ್ಮನ ಮನೆಯ ಮುದಿ ಬೆಕ್ಕಿಗೂ ಶಿಫಾರಸು ಮಾಡಿದೆ. ತಿಂಗಳು ತುಂಬುವ ಹೊತ್ತಿಗೆ, ಎರಡನೇ ಡಬ್ಬವನ್ನು ಮುಂಚಿತವಾಗಿಯೇ ತರಿಸಿಬಿಡೋಣವೆಂದು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಅಮ್ಮ ತಟ್ಟೆಯಲ್ಲಿ ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದರು:

"ತರಿಸ್ಬೇಡ ಕಣೆ. ಮೊದಲ ವಾರನೇ ಅದು ಮೂಸಿ ನೋಡಿ ಊಟ ಬಿಟ್ಟು ಹೋಯ್ತು. ಮುದಿ ಜೀವ ಉಪವಾಸ ಇರ್ಬಾರ್ದು ಅಂತ ನಾನು ಆ ಪುಡೀನ ದಾಸವಾಳದ ಬುಡಕ್ಕೆ ಹಾಕ್ತಾ ಇದೀನಿ. ನಿನಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ನಾನು ಮೂರು ವಾರ ಕಂಡ ಗುಣವೆಲ್ಲ ದಾಸವಾಳದ ಗಿಡ ತಿಂದದ್ದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುವ ಗಾದೆಯನ್ನು ಬೆಕ್ಕಿನ ಮೇಲೆ ಕಟ್ಟಿದವರು ಸಾಕಿದವರನ್ನು ನೋಡಿರಲಿಲ್ಲವೆಂದು ತೋರುತ್ತದೆ. ಆ ರಾತ್ರಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಮಲಗಿದ ಮೇಲೆ ನಾಚಿಕೆಯಾಯಿತು. ಹುಸಿಮದ್ದಿನ ಪರಿಣಾಮ ಔಷಧ ನುಂಗಿದವರ ಮನಸ್ಸಿನಲ್ಲಿ ನಡೆಯುತ್ತದೆಂದು ನಾನು ತಿಳಿದಿದ್ದೆ. ಪ್ರಾಣಿಗಳ ವಿಷಯದಲ್ಲಿ ಅದು ನಡೆಯುವುದು ಕೊಡುವವರ ಕಣ್ಣಿನಲ್ಲಿ. ಇದಕ್ಕೆ ಅಧ್ಯಯನವೂ ಇದೆ. ಸಂಧಿವಾತದ ಬೆಕ್ಕುಗಳ ಔಷಧ ಪ್ರಯೋಗಗಳನ್ನು ಒಟ್ಟಿಗಿಟ್ಟು 2017ರಲ್ಲಿ ಪರಿಶೀಲಿಸಿದವರಿಗೆ, ಹುಸಿಮದ್ದು ಪಡೆದ ಬೆಕ್ಕುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವು ಸುಧಾರಿಸಿವೆ ಎಂದು ಸಾಕಿದವರು ಹೇಳಿದ್ದು ಕಂಡುಬಂತು. ಆ ಸಾಕಿದವರೆಲ್ಲ ಸುಳ್ಳು ಹೇಳಿದ್ದಲ್ಲ. ಸಂಧಿವಾತದ ನೋವು ಏರುತ್ತದೆ, ಇಳಿಯುತ್ತದೆ. ತೀರಾ ಹೆಚ್ಚಾದ ದಿನ ನಾವು ಔಷಧ ಹುಡುಕಿಕೊಂಡು ಹೋಗುತ್ತೇವೆ, ಅದಾದ ಮೇಲೆ ಅದು ತಾನಾಗಿಯೇ ಇಳಿದರೂ ಕೈಯಲ್ಲಿರುವ ಡಬ್ಬಕ್ಕೆ ಕೀರ್ತಿ ಸಲ್ಲುತ್ತದೆ.

ಮರುದಿನ ಶಾಲೆಯಿಂದ ಬರುವಾಗ ಒಂದು ಹಾಜರಿ ಪುಸ್ತಕ ಕೊಂಡುತಂದೆ. ಕಳೆ, ಹಗುರ, ಬಾಲ ಎಂಬ ಮಾತುಗಳನ್ನೆಲ್ಲ ಬಿಟ್ಟು, ಎಣಿಸಲು ಬರುವುದನ್ನು ಮಾತ್ರ ಬರೆಯುವುದೆಂದು ನಿಶ್ಚಯಿಸಿದೆ. ಬೆಳಗಿನ ಕಿಟಕಿಗೆ ಒಂದು ನೆಗೆತವೋ ಎರಡೋ. ಅಟ್ಟದ 11 ಮೆಟ್ಟಿಲು ಇಳಿಯುವಾಗ ಎಷ್ಟು ಸಲ ನಿಂತಳು. ಗೋಣಿದಾರ ಎಳೆದರೆ ಅಟ್ಟಿಸಿಕೊಂಡು ಬಂದಳೋ, ಕುಳಿತಲ್ಲಿಂದಲೇ ಪಂಜ ಚಾಚಿದಳೋ. ಮರಳಿನ ಪೆಟ್ಟಿಗೆಯ ಒಳಗೋ ಹೊರಗೋ. ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ. ಆ ಪುಡಿಯನ್ನು ಈ ಸಲ ಬೇಯಿಸಿದ ಕೋಳಿಯ ಉಪ್ಪಿಲ್ಲದ ನೀರಿನಲ್ಲಿ ತೆಳ್ಳಗೆ ಕದಡಿ, ಮೊದಲ ಮೂರು ದಿನ ಚಿಟಿಕೆಯಷ್ಟು, ಆಮೇಲೆ ನಿಧಾನವಾಗಿ ಪೂರ್ತಿ ಅಳತೆಗೆ ಏರಿಸಿ, ನಾನೇ ಎದುರು ಕುಳಿತು ತಿನ್ನಿಸಿದೆ. ಹೀಗೆ ಏಳು ವಾರ. ಆಮೇಲೆ ಮೂರು ವಾರ ಪೂರ್ತಿ ನಿಲ್ಲಿಸಿದೆ.

ಈ ನಿಲ್ಲಿಸುವ ಉಪಾಯ ನನ್ನದಲ್ಲ. ಕೊಟ್ಟಾಗ ಗುಣ ಕಾಣುವ ಕಣ್ಣು ನಿಲ್ಲಿಸಿದಾಗ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ ಎಂಬುದನ್ನು ಬೆಕ್ಕುಗಳ ಮೇಲೆ ನಡೆದ ಪ್ರಯೋಗಗಳಲ್ಲಿಯೂ ಬಳಸಿಕೊಂಡಿದ್ದಾರೆ. 2014ರಲ್ಲಿ 30 ಬೆಕ್ಕುಗಳ ಒಂದು ಅಧ್ಯಯನದಲ್ಲಿ ಅರ್ಧಕ್ಕೆ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧವನ್ನೂ ಉಳಿದರ್ಧಕ್ಕೆ ಗ್ಲೂಕೋಸಮೈನ್-ಕಾಂಡ್ರಾಯ್ಟಿನ್ ಅನ್ನೂ ಕೊಟ್ಟು, ಆಮೇಲೆ ಎರಡನ್ನೂ ಹುಸಿಮದ್ದಿಗೆ ಬದಲಾಯಿಸಿದರು. ಔಷಧ ನಿಂತಾಗ ಮೆಲಾಕ್ಸಿಕ್ಯಾಮ್ ಪಡೆದಿದ್ದ ಬೆಕ್ಕುಗಳು ಎದ್ದುಕಾಣುವಂತೆ ಹಿಂದೆ ಸರಿದವು; ಪೂರಕ ಪಡೆದಿದ್ದವುಗಳಲ್ಲಿ ಅಷ್ಟು ಇಳಿತ ಕಾಣಲಿಲ್ಲ, ಕಳೆದುಕೊಳ್ಳಲು ಅವು ಹೆಚ್ಚೇನೂ ಗಳಿಸಿರಲಿಲ್ಲವೆಂದು ತೋರುತ್ತದೆ. ನನ್ನ ಹಾಜರಿ ಪುಸ್ತಕವೂ ಅದನ್ನೇ ಹೇಳಿತು. ಏಳು ವಾರದಲ್ಲಿ ಕಿಟಕಿಗೆ ಒಂದೇ ನೆಗೆತದ ದಿನಗಳು ನಾಲ್ಕು. ನಿಲ್ಲಿಸಿದ ಮೂರು ವಾರದಲ್ಲಿ ಎರಡು. ನಾಯಿ-ಬೆಕ್ಕುಗಳ ಕೀಲುನೋವಿನ ಪೂರಕಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿದ ಕೆನಡಾದ ಸಂಶೋಧಕರು 2022ರಲ್ಲಿ ಇನ್ನೂ ನಿಷ್ಠುರವಾಗಿ, ನೋವಿಗೆಂದು ಗ್ಲೂಕೋಸಮೈನ್-ಕಾಂಡ್ರಾಯ್ಟಿನ್ ಬರೆದುಕೊಡುವುದನ್ನು ನಿಲ್ಲಿಸಬೇಕೆಂದೇ ಹೇಳಿದ್ದಾರೆ.

ಅದೇ ಪರಿಶೀಲನೆ ಎಲ್ಲಕ್ಕಿಂತ ಹೆಚ್ಚಾಗಿ ಒಂದು ವರ್ಗಕ್ಕೆ ಒಳ್ಳೆಯ ಮಾತು ಹೇಳಿದೆ: ಒಮೆಗಾ-3 ಕೊಬ್ಬಿನಾಮ್ಲಗಳು, ಅಂದರೆ ಮೀನೆಣ್ಣೆ. ಅದಕ್ಕೂ ಮುಂಚೆ, 2013ರಲ್ಲಿ, ನೆದರ್ಲೆಂಡಿನ ಅಧ್ಯಯನವೊಂದು ಸಂಧಿವಾತದ ಬೆಕ್ಕುಗಳಿಗೆ 10 ವಾರ ಮೀನೆಣ್ಣೆ, 10 ವಾರ ಮೆಕ್ಕೆಜೋಳದ ಎಣ್ಣೆ ಕೊಟ್ಟು ಹೋಲಿಸಿತ್ತು. ಮೀನೆಣ್ಣೆಯ ಅವಧಿಯಲ್ಲಿ ಅವು ಹೆಚ್ಚು ಓಡಾಡಿದವು, ಮೆಟ್ಟಿಲು ಹೆಚ್ಚು ಹತ್ತಿಳಿದವು, ಎತ್ತರಕ್ಕೆ ನೆಗೆದವು. ಇದನ್ನು ಓದಿದ ಕೂಡಲೇ ನಾನು ಪೇಟೆಗೆ ಹೋಗಿ ಔಷಧದಂಗಡಿಯಲ್ಲಿ ಮೀನೆಣ್ಣೆ ಕೇಳಿ, ಅಂಗಡಿಯವರು ಕೊಟ್ಟ ಹಳದಿ ಗುಳಿಗೆಯ ಡಬ್ಬಿ ಹಿಡಿದುಕೊಂಡು ಬಂದೆ. ಅದು ಮೀನೆಣ್ಣೆಯಾಗಿರಲಿಲ್ಲ; ಕಾಡ್ ಮೀನಿನ ಲಿವರ್ ಎಣ್ಣೆಯಾಗಿತ್ತು. ಹೆಸರಿನಲ್ಲಿ ಒಂದೇ ಪದದ ವ್ಯತ್ಯಾಸವಾದರೂ ಲಿವರ್ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ವಗಳು ತುಂಬಿರುತ್ತವೆ, ಅವು ಬೆಕ್ಕಿನ ದೇಹದಲ್ಲಿ ಶೇಖರವಾಗುತ್ತಾ ಹೋಗುತ್ತವೆ. ಎ ಜೀವಸತ್ವ ಅತಿಯಾದರೆ ಬೆಕ್ಕಿನ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು, ಅದು ತಲೆ ತಿರುಗಿಸಲೂ ಆಗದ ಸ್ಥಿತಿಗೆ ಬರುತ್ತದೆ. ಕೀಲು ಸಡಿಲವಾಗಲೆಂದು ಕೊಟ್ಟದ್ದು ಬೆನ್ನುಮೂಳೆಯನ್ನೇ ಬೆಸುಗೆ ಹಾಕುವುದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ. ವೈದ್ಯೆ ಇದನ್ನು ಹೇಳಿದಾಗ ನನಗೆ ಇನ್ನೊಂದು ಹಳೆಯ ತಪ್ಪು ಹೊಳೆಯಿತು: ಭಾನುವಾರ ಕೋಳಿ ತಂದಾಗಲೆಲ್ಲ ಅಕ್ಕಪಕ್ಕದವರೂ ನಮ್ಮ ಗೌರಿಗೆಂದು ಈಲಿ, ಅಂದರೆ ಲಿವರ್, ಎತ್ತಿಡುತ್ತಿದ್ದರು, ಅವಳು ಅದನ್ನು ವರ್ಷಗಟ್ಟಲೆ ತಿಂದಿದ್ದಾಳೆ. ಆಗೊಮ್ಮೆ ಈಗೊಮ್ಮೆ ಒಂದು ಚೂರಿಗೆ ತೊಂದರೆಯಿಲ್ಲ, ದಿನವೂ ಅದೇ ಊಟವಾದರೆ ತೊಂದರೆ. ಈಲಿಯ ಸಮಾರಾಧನೆ ಅಂದಿಗೆ ನಿಂತಿತು.

ಇಷ್ಟು ಕಷ್ಟವೇಕೆ, ಬೂತಾಯಿ ಮೀನನ್ನೇ ಹಾಕಿದರಾಯಿತಲ್ಲ ಎಂದು ನಮ್ಮ ತೋಟದ ಕೆಲಸದಾಕೆ ಕೇಳಿದ್ದು ನ್ಯಾಯವಾಗಿಯೇ ಇತ್ತು. ಶಿರಾಡಿ ಘಾಟಿ ಹತ್ತಿ ಮಂಗಳೂರಿನಿಂದ ಬರುವ ಮೀನಿನಲ್ಲಿ ಬೂತಾಯಿಯೇ ಅಗ್ಗ, ಒಮೆಗಾ-3 ಅದರಲ್ಲಿಯೇ ಸಮೃದ್ಧ. ಆದರೆ ಬರೀ ಎಣ್ಣೆಮೀನನ್ನೇ ದಿನವೂ ತಿಂದ ಬೆಕ್ಕಿನ ದೇಹದಲ್ಲಿ ಇ ಜೀವಸತ್ವ ಸಾಲದೆ, ಚರ್ಮದಡಿಯ ಕೊಬ್ಬು ಹಳದಿಯಾಗಿ ಉರಿಯೂತಕ್ಕೆ ಒಳಗಾಗುವ ಒಂದು ಯಾತನೆಯ ರೋಗವಿದೆ. ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕೀಲುಗಳು ಬಿಗಿಯುವ ಮಳೆಗಾಲದಲ್ಲಿಯೇ ಮೀನಿನ ಬುಟ್ಟಿ ಖಾಲಿ. ಹಾಗಾಗಿ ವಾರಕ್ಕೊಂದು ದಿನ, ಉಪ್ಪು ಖಾರ ಈರುಳ್ಳಿ ಬೆಳ್ಳುಳ್ಳಿ ಏನೂ ಸೋಕದಂತೆ ಬೇಯಿಸಿ ಮುಳ್ಳು ಬಿಡಿಸಿದ ಒಂದು ಬೂತಾಯಿ, ಉಳಿದಂತೆ ವೈದ್ಯೆ ಗೊತ್ತುಮಾಡಿದ ಅಳತೆಯ ಮೀನೆಣ್ಣೆ ಎಂದು ತೀರ್ಮಾನವಾಯಿತು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ ಎಂಬುದನ್ನು ಮಾತ್ರ ನಮ್ಮ ಸಾರಿನ ಅನ್ನದ ಮನೆಗಳಲ್ಲಿ ಎಷ್ಟು ಸಲ ಹೇಳಿದರೂ ಸಾಲದು.

ಆದರೆ ಮೀನೆಣ್ಣೆ ಶುರುವಾಗುವ ಮುಂಚೆಯೇ ಮಳೆ ಶುರುವಾಯಿತು. ಜೂನ್ ಮೂರನೇ ವಾರ ಬಿಡದೆ ಸುರಿದ ಐದು ದಿನಗಳಲ್ಲಿ ಪುಸ್ತಕದ ಕಿಟಕಿಯ ಕಾಲಂ ಪೂರ್ತಿ ಸೊನ್ನೆ. ಅವಳು ಎರಡು ನೆಗೆತಕ್ಕೂ ಪ್ರಯತ್ನಿಸಲಿಲ್ಲ. ಬಚ್ಚಲ ಹಂಡೆ ಒಲೆಯ ಬಾಯಲ್ಲಿ, ಬೆಚ್ಚನೆಯ ಬೂದಿಯ ಪಕ್ಕ ಬಿದ್ದುಕೊಂಡಿದ್ದಳು. ಮೊದಲಾದರೆ ಮಳೆಗೆ ಎಲ್ಲ ಕೊತ್ತಿಗಳೂ ಹೀಗೇ ಎಂದುಕೊಂಡು ಸುಮ್ಮನಿರುತ್ತಿದ್ದೆ. ಪುಟವನ್ನು ಫೋಟೋ ತೆಗೆದು ವೈದ್ಯೆಗೆ ಕಳಿಸಿದೆ. ಅವರು ಮತ್ತೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಮೂತ್ರಪಿಂಡ ತಡೆದುಕೊಳ್ಳುವ ಸ್ಥಿತಿಯಲ್ಲಿದೆಯೆಂದು ಖಚಿತಪಡಿಸಿಕೊಂಡು, ಮೆಲಾಕ್ಸಿಕ್ಯಾಮ್ ದ್ರವವನ್ನು ಹನಿ ಲೆಕ್ಕದಲ್ಲಿ ಬರೆದುಕೊಟ್ಟರು. ಇದೇ ಔಷಧಕ್ಕೆ ಯೂರೋಪಿನಲ್ಲಿ 2007ರಿಂದ ಬೆಕ್ಕುಗಳಲ್ಲಿ ದೀರ್ಘಕಾಲದ ಬಳಕೆಗೆ ಅನುಮತಿಯಿದೆ. ಅಮೆರಿಕದಲ್ಲಿ ಪದೇ ಪದೇ ಕೊಟ್ಟರೆ ಮೂತ್ರಪಿಂಡ ಕೆಟ್ಟು ಸಾಯಬಹುದೆಂಬ ಎಚ್ಚರಿಕೆ ಅದರ ಪೊಟ್ಟಣದ ಮೇಲೆಯೇ ಇದೆ. ಈ ಎರಡೂ ಸಂಗತಿಗಳನ್ನು ಮುಚ್ಚುಮರೆಯಿಲ್ಲದೆ ಹೇಳಿ, ಊಟ ಬಿಟ್ಟ ದಿನ ಮತ್ತು ವಾಂತಿ ಮಾಡಿದ ದಿನ ಒಂದು ಹನಿಯನ್ನೂ ಕೊಡಬೇಡಿ ಎಂದು ಎರಡು ಸಲ ನನ್ನ ಬಾಯಲ್ಲಿ ಹೇಳಿಸಿದ ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು.

ನಾಲ್ಕನೇ ದಿನ ಬೆಳಿಗ್ಗೆ, ಹೊರಗೆ ಮಳೆ ಹೊಯ್ಯುತ್ತಿರುವಾಗಲೇ, ಗೌರಿ ನೆಲದಿಂದ ನೇರವಾಗಿ ಕಿಟಕಿಗೆ ನೆಗೆದಳು. ಆ ವಾರ ಒಂದೇ ನೆಗೆತದ ದಿನಗಳು ಐದು. ಅಷ್ಟರಲ್ಲಿ ಮುಗಿದಿದ್ದ ಅನುಮಾನವೆಂದರೆ 'ಇರಬಹುದು' ಎಂಬುದರದ್ದು. ನೋವು ತಗ್ಗಿಸಿದಾಗ ನೆಗೆದಳೆಂದರೆ, ನೆಗೆಯದೆ ಇದ್ದದ್ದು ನೋವಿನಿಂದಲೇ.

ಪೂರಕದ ಡಬ್ಬಕ್ಕಿಂತ ಅಗ್ಗವಾದ ಕೆಲಸಗಳನ್ನು ನಾವು ಮಾಡಿದ್ದು ಇದೆಲ್ಲ ಆದ ಮೇಲೆ, ಅದು ತಲೆಕೆಳಗು ಕ್ರಮ. ಮರಳಿನ ಪೆಟ್ಟಿಗೆಯ ಒಂದು ಬದಿಯನ್ನು ಬಡಗಿಯಿಂದ ನಾಲ್ಕು ಬೆರಳೆತ್ತರಕ್ಕೆ ಕತ್ತರಿಸಿದೆವು. ಅಂದಿನಿಂದ ಹೊರಗೆ ಗಲೀಜಾದದ್ದಿಲ್ಲ. ಜಾರುವ ರೆಡ್ ಆಕ್ಸೈಡ್ ನೆಲದಲ್ಲಿ ಅವಳು ಓಡಾಡುವ ದಾರಿಗೆ ಗೋಣಿಚೀಲ ಹಾಸಿದೆವು. ಹದಿನೈದು ದಿನಕ್ಕೊಮ್ಮೆ ಉಗುರು ಕತ್ತರಿಸುವುದು ನನ್ನ ಕೆಲಸ, ಬೆನ್ನಿನ ಗಂಟು ಬಾಚುವುದು ಅಮ್ಮನದು. ತೂಕ ಇಳಿಸುವುದು ಮಾತ್ರ ನಿಧಾನದ ಕೆಲಸವಾಯಿತು, ಏಕೆಂದರೆ ದಪ್ಪ ಬೆಕ್ಕನ್ನು ಒಮ್ಮೆಲೇ ಉಪವಾಸ ಕೆಡವಿದರೆ ಯಕೃತ್ತಿಗೆ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಎಂಟು ತಿಂಗಳಲ್ಲಿ 5.6ರಿಂದ 4.9 ಕಿಲೋಗೆ ಬಂದಿದ್ದಾಳೆ. ಆಗಸ್ಟ್‌ನಿಂದ ಮೀನೆಣ್ಣೆ ನಡೆಯುತ್ತಿದೆ. ಅಕ್ಟೋಬರಿನಲ್ಲಿ ಮೆಲಾಕ್ಸಿಕ್ಯಾಮ್ ಅನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದರೂ ಪುಸ್ತಕದ ಅಂಕಿ ಕುಸಿಯಲಿಲ್ಲ. ಅದು ಎಣ್ಣೆಯ ಗುಣವೋ, ತೂಕ ಇಳಿದ ಗುಣವೋ, ಮಳೆ ನಿಂತು ಬಿಸಿಲು ಬಿದ್ದದ್ದರ ಗುಣವೋ ಬೇರ್ಪಡಿಸಲು ನನ್ನ ಹಾಜರಿ ಪುಸ್ತಕಕ್ಕೆ ಶಕ್ತಿಯಿಲ್ಲ. ಎಣ್ಣೆಯನ್ನು ಮುಂದುವರಿಸಿದ್ದೇನೆ, ಆದರೆ ಯಾರಿಗೂ ಶಿಫಾರಸು ಮಾಡಿಲ್ಲ. ಮೂಡಿಗೆರೆಯ ಚಿಕ್ಕಮ್ಮನಿಗೆ ಫೋನು ಮಾಡಿ ದಾಸವಾಳದ ಕಥೆ ಹೇಳಿದಾಗ, ಅವರ ಬೆಕ್ಕಿಗೆ ಪುಡಿಯಿಂದ ತುಂಬಾ ಗುಣವಾಗಿದೆಯೆಂದೂ ತಾವು ನಿಲ್ಲಿಸುವುದಿಲ್ಲವೆಂದೂ ಹೇಳಿದರು.

ಕಿಟಕಿಯ ಕೆಳಗೆ ಮಾತ್ರ ಇಷ್ಟು ದಿನ ನಾನು ಏನನ್ನೂ ಇಟ್ಟಿರಲಿಲ್ಲ. ಮಂಚದ ಪಕ್ಕ, ಜಗಲಿಯ ಪಕ್ಕ, ಹಂಡೆ ಒಲೆಯ ಕಟ್ಟೆಗೆ ಎಲ್ಲ ಕಡೆ ಮಣೆಗಳನ್ನು ಜೋಡಿಸಿ ಮೆಟ್ಟಿಲು ಮಾಡಿಕೊಟ್ಟವಳು, ಅಡುಗೆಮನೆಯ ಕಿಟಕಿಯನ್ನು ಹಾಗೇ ಬಿಟ್ಟಿದ್ದೆ. ಅಕ್ಕಿ ಡಬ್ಬವನ್ನು ಒಂದಂಗುಲ ಸರಿಸಲೂ ಅಮ್ಮನಿಗೆ ಬಿಟ್ಟಿರಲಿಲ್ಲ. ಮೆಟ್ಟಿಲು ಬಂದರೆ ನೆಗೆತ ಎಣಿಸುವಂತಿಲ್ಲ, ನೆಗೆತ ಎಣಿಸದಿದ್ದರೆ ಔಷಧ ಏರಿಸುವುದೋ ಇಳಿಸುವುದೋ ತಿಳಿಯುವುದಿಲ್ಲ ಎಂಬುದು ನನ್ನ ವಾದ. ಈ ನವೆಂಬರಿನ ಒಂದು ಬೆಳಿಗ್ಗೆ ಚಳಿಗೆ ಅವಳು ಕಿಟಕಿಯ ಕೆಳಗೆ ನಿಂತು, ಮೇಲೆ ನೋಡಿ, ಹಿಂದಿನ ಕಾಲುಗಳನ್ನು ಮಡಿಸಿ ಬಿಡಿಸಿ ಮೂರು ಸಲ ಹೊರಟು ನಿಂತಳು. ನಾನು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ನಿನ್ನ ಲೆಕ್ಕ ಬರ್ಕೊಳ್ಳೋಕೆ ಅದು ಹಂಗೆ ನಿಂತಿರ್ಬೇಕೇನೇ?" ಎಂದರು ಅಮ್ಮ.

ದೇವರಮನೆಯಿಂದ ಹಲಸಿನ ಮಣೆ ಎರಡನ್ನು ತಂದು, ಅಕ್ಕಿ ಡಬ್ಬದ ಮುಂದೆ ಒಂದರ ಮೇಲೊಂದಿಟ್ಟು, ಮೇಲೆ ಗೋಣಿಚೀಲ ಹಾಸಿದೆ. ಗೌರಿ ಮಣೆಯನ್ನು ಮೂಸಿದಳು, ಹತ್ತಿದಳು, ಡಬ್ಬಕ್ಕೆ ಕಾಲಿಟ್ಟಳು, ಅಲ್ಲಿಂದ ದಂಡೆಗೆ ಹೋಗಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಳು. ಪುಸ್ತಕದಲ್ಲಿ ಕಿಟಕಿಯ ಕಾಲಂಗೆ ಅಡ್ಡಗೀಟು ಎಳೆದು, ಅಟ್ಟದ ಮೆಟ್ಟಿಲಿನ ಕಾಲಂ ಮಾತ್ರ ಉಳಿಸಿಕೊಂಡಿದ್ದೇನೆ.